ಅಪ್ಪನ ಮಾರು, ಮಗಳ ಮಾರು

ನಮ್ಮ ಊರಿನಲ್ಲಿ ಹಗ್ಗದಕ್ಕನನ್ನು ಅರಿಯದವರು ಇಲ್ಲ. ಐದಡಿಗೆ ಒಂದು ಬೆರಳೂ ಮಿಗದ ಎತ್ತರ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ನಾರು ಎಳೆದೆಳೆದು ಜಡ್ಡುಗಟ್ಟಿದ ಅಂಗೈ. ನಡೆದರೆ ಓಡಿದ ಹಾಗೆ, ಮಾತನಾಡಿದರೆ ಜಗಳಕ್ಕೆ ಬಂದ ಹಾಗೆ. ಬಂದರಿನ ಹಿಂದಿನ ಹಗ್ಗದ ಓಣಿಯಲ್ಲಿ ದೋಣಿಗಳಿಗೆ ಬೇಕಾದ ಹಗ್ಗ ಹೊಸೆಯುವುದು ಅವಳ ಕಸುಬು. ಅದರ ಜೊತೆಗೆ ಹಳೆಯ ಕಲ್ಲಿನ ಚರ್ಚನ್ನು ಗುಡಿಸುವುದು, ಬಾಗಿಲು ತೆಗೆಯುವುದು ಮುಚ್ಚುವುದು, ಗಂಟೆ ಬಾರಿಸುವುದು ಅವಳಿಗೆ ತಂದೆಯಿಂದ ಬಂದ ಕೆಲಸ. ನಾನು ಹೇಳುವ ಕಾಲಕ್ಕೆ ಆ ಚರ್ಚು ಕಡಲಿನ ಮೇಲೆ ಚಾಚಿಕೊಂಡ ಗುಡ್ಡದ ತುದಿಯಲ್ಲಿತ್ತು. ಮಂಜು ಕವಿದ ಬೆಳಗಿನಲ್ಲಿ ದೋಣಿಯವರು ಅದರ ಗಂಟೆಯ ಸದ್ದು ಹಿಡಿದೇ ಬಂದರಿನ ಬಾಯಿಗೆ ಬರುತ್ತಿದ್ದರು.

ನಾನು ಮೇಷ್ಟರಾಗಿ ಈ ಊರಿಗೆ ಬಂದ ವರ್ಷ ಅವಳು ಮೂರನೆಯ ತರಗತಿಯಲ್ಲಿದ್ದಳು. ಒಂದು ದಿನ ಮುಂದಿನ ಸಾಲಿನ ಹುಡುಗಿಯ ಎರಡು ಜಡೆಗಳನ್ನೂ ಬೆಂಚಿಗೆ ಸೇರಿಸಿ ಗಂಟು ಹಾಕಿದಳು. ಬಿಚ್ಚಲು ನನ್ನಿಂದ ಆಗಲಿಲ್ಲ. ಕೊನೆಗೆ ಅವಳನ್ನೇ ಕರೆದು, "ಬಿಚ್ಚಮ್ಮ, ನಿನ್ನ ಪುಣ್ಯ" ಎಂದು ಬೇಡಿಕೊಂಡೆ. ಯಾವುದೋ ಒಂದು ತುದಿ ಹಿಡಿದು ಎಳೆದಳು. ಗಂಟು ಬೆಣ್ಣೆ ಕರಗಿದಂತೆ ಕಳಚಿತು. ಅದೇ ವರ್ಷ ಅಳತೆಯ ಪಾಠವನ್ನೂ ಮಾಡಿದ್ದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಗೇಣಿನಿಂದ ನನ್ನ ಮೇಜನ್ನು ಅಳೆಯಬೇಕು. ಒಬ್ಬನಿಗೆ ಒಂಬತ್ತು ಗೇಣು ಬಂತು, ಒಬ್ಬಳಿಗೆ ಹನ್ನೊಂದು, ಎಲ್ಲರಿಗಿಂತ ಕುಳ್ಳಿಯಾದ ಇವಳಿಗೆ ಹದಿಮೂರು. "ನೋಡಿದಿರಾ ಮಕ್ಕಳೇ, ಮೇಜು ಒಂದೇ, ಗೇಣು ಮಾತ್ರ ಒಬ್ಬೊಬ್ಬರದು ಒಂದೊಂದು. ಅದಕ್ಕೇ ಅಳತೆಗೋಲು ಬೇಕಾಗುವುದು" ಎಂದು ಹೇಳಿ, ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಂಡು ಮುಂದಿನ ಪಾಠಕ್ಕೆ ಹೋದೆ. ಆ ಪಾಠ ಮಕ್ಕಳಿಗೆ ಮರೆತುಹೋದದ್ದು ಸಹಜ. ಹೇಳಿಕೊಟ್ಟ ನನಗೂ ಮರೆತುಹೋಯಿತಲ್ಲ, ಅದನ್ನು ಏನೆನ್ನಲಿ?

ಅವಳ ತಂದೆ ಆರಡಿಯ ಆಳು. ಚರ್ಚಿನ ಪಕ್ಕದ ಬಾಗಿಲಿನಲ್ಲಿ ತಲೆ ತಗ್ಗಿಸಲು ಮರೆತ ದಿನ ಅವರ ಹಣೆಯಲ್ಲಿ ಬುಗುಟು ಕಾಣುತ್ತಿತ್ತು. ನಾನು ಬಂದ ವರ್ಷದ ಮಳೆಗಾಲದಲ್ಲಿ, ಮುದುಕರು ಸಂಜೆ ಕುಳಿತು ಹರಟುತ್ತಿದ್ದ ಕಲ್ಲುಬೆಂಚು ಗುಡ್ಡದ ಅಂಚಿನೊಂದಿಗೆ ಕಡಲಿಗೆ ಬಿತ್ತು. ಊರಿನವರು ಹೋಗಿ ನೋಡಿದರು, ಲೊಚಗುಟ್ಟಿದರು, ಮನೆಗೆ ಬಂದರು. ಅವಳ ತಂದೆ ಮಾತ್ರ ಮನೆಗೆ ಬಂದು ಹಗ್ಗ ಹೊಸೆಯಲು ಕುಳಿತರು. ಹತ್ತು ಮಾರು ಉದ್ದದ ನಾರಿನ ಹಗ್ಗ, ಮಾರಿಗೊಂದು ಗಂಟು. ಚರ್ಚಿನ ಹಿಂಗೋಡೆಯ ಕಬ್ಬಿಣದ ಕೊಂಡಿಗೆ ಅದರ ತುದಿ ಸಿಕ್ಕಿಸಿ ಅಂಚಿನವರೆಗೆ ಎಷ್ಟು ಮಾರು ನೆಲ ಉಳಿದಿದೆ ಎಂದು ಅಳೆದರು. ಅಳೆದದ್ದನ್ನು ಒಂದು ಉದ್ದ ಪುಸ್ತಕದಲ್ಲಿ ಬರೆದರು. ಅದರ ಮೊದಲ ಪುಟದಲ್ಲಿ ಅವರ ದಪ್ಪ ಅಕ್ಷರದ ಎರಡು ಸಾಲುಗಳಿವೆ: "ಚರ್ಚಿನ ಉದ್ದ ಒಳಗಡೆ ಹತ್ತು ಮಾರು. ಕೊಂಡಿಯಿಂದ ಅಂಚಿಗೆ ಮೂವತ್ತೆರಡು ಮಾರು." ಅಂದಿನಿಂದ ಪ್ರತಿ ತಿಂಗಳ ಮೊದಲನೆಯ ದಿನ, ಬೆಳಗಿನ ಗಂಟೆ ಬಾರಿಸಿದ ಮೇಲೆ ಅಳತೆ.

ಮಾರು ಎಂದರೆ ಎಲ್ಲರಿಗೂ ಗೊತ್ತೇ ಇದೆ. ಎರಡು ಕೈಗಳನ್ನೂ ಅಗಲಕ್ಕೆ ಚಾಚಿದಾಗ ಒಂದು ಕೈಯ ಬೆರಳ ತುದಿಯಿಂದ ಇನ್ನೊಂದರ ತುದಿಯವರೆಗಿನ ಉದ್ದ. ಹಗ್ಗದ ಓಣಿಯಲ್ಲಿ ಹಗ್ಗ ಮಾರುವುದು ಮಾರಿನ ಲೆಕ್ಕದಲ್ಲೇ. ಕೊಳ್ಳಲು ಬರುವ ದೋಣಿಯವರು ತಮ್ಮ ನೆಂಟರಲ್ಲಿ ಯಾರು ಎಲ್ಲರಿಗಿಂತ ಉದ್ದವೋ ಅವರನ್ನು ಕರೆದುಕೊಂಡು ಬರುತ್ತಿದ್ದರು. ಅಂಗಡಿಯವರು ಓಣಿಯಲ್ಲಿ ಯಾರು ಎಲ್ಲರಿಗಿಂತ ಗಿಡ್ಡವೋ ಅವರನ್ನು ನಿಲ್ಲಿಸುತ್ತಿದ್ದರು. ಹನ್ನೆರಡು ವರ್ಷ ತುಂಬಿದಾಗಿನಿಂದ ಇವಳಿಗೆ ಎಲ್ಲ ಅಂಗಡಿಗಳಿಂದಲೂ ಕರೆ. "ಬಾರಮ್ಮ, ನಮ್ಮ ಅಂಗಡಿ ಮಾರು ನೀನು" ಎಂದು ಕರೆಯುವರು. "ಇವಳ ಮಾರಿಗೆ ಹಗ್ಗ ಕೊಟ್ಟರೆ ನಮ್ಮ ಲಂಗರು ನೀರಲ್ಲಿ ನೇತಾಡುತ್ತೆ ಅಷ್ಟೆ" ಎಂದು ದೋಣಿಯವರು ಗೊಣಗುವರು. ಅರ್ಧ ದಿನ ಎಳೆದಾಟ, ನಗು, ಕೊನೆಗೆ ಒಂದು ರಾಜಿ. ಮಾರು ಒಬ್ಬೊಬ್ಬರದು ಒಂದೊಂದು ಎಂಬುದನ್ನು ಆ ಓಣಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಅವರ ಅನ್ನದ ವಿಷಯ.

ತಂದೆ ಇಪ್ಪತ್ತು ವರ್ಷ ಅಳೆದರು. ಮೂವತ್ತೆರಡು ಮಾರು ಇಪ್ಪತ್ತೆರಡಕ್ಕೆ ಇಳಿಯಿತು. ಕೊನೆಯ ದಿನಗಳಲ್ಲಿ ಮಗಳನ್ನು ಹತ್ತಿರ ಕೂರಿಸಿಕೊಂಡು, "ಅಳತೆ ಒಂದು ತಿಂಗಳೂ ಬಿಡಬೇಡ. ಕಡಲು ತೀರಾ ಹತ್ತಿರ ಬಂತು ಅಂದ್ರೆ ಚರ್ಚನ್ನ ಹಿಂದಕ್ಕೆ ಕರ್ಕೊಂಡು ಹೋಗು" ಎಂದರಂತೆ. ಮುದುಕಿಯೊಬ್ಬಳನ್ನು ಬಿಸಿಲಿನಿಂದ ನೆರಳಿಗೆ ಕರೆದುಕೊಂಡು ಹೋಗು ಎಂದ ಹಾಗೆ. "ಹೂಂ ಅಪ್ಪ" ಎಂದಳು. ಆಗ ಅವಳಿಗೆ ಇಪ್ಪತ್ತೆಂಟು ವರ್ಷ. ಅಂದಿನಿಂದ ಅವಳ ಬಾಳಿನಲ್ಲಿ ಬೇರೆ ಏನೇ ಹೆಚ್ಚು ಕಡಿಮೆಯಾದರೂ ಆ "ಹೂಂ" ಎಂಬುದು ಅಲುಗಲಿಲ್ಲ.

ಅವಳ ಗಂಡ ಬೇಕರಿಯವ. ಒಲೆಯ ಮುಂದೆ ನಿಂತು ನಿಂತು ಮುಖ ಬ್ರೆಡ್ಡಿನ ಬಣ್ಣಕ್ಕೆ ತಿರುಗಿದ, ನಿಧಾನದ, ತಮಾಷೆಯ ಮನುಷ್ಯ. ಅಳತೆಯ ದಿನ ಅವನಿಗೂ ಕೆಲಸವಿತ್ತು. ಅಂಚಿನ ಮಣ್ಣನ್ನು ನಂಬುವ ಹಾಗಿರಲಿಲ್ಲವಾದ್ದರಿಂದ ಹಗ್ಗದಕ್ಕ ಹೊಟ್ಟೆಯ ಮೇಲೆ ಮಲಗಿ ತೆವಳುತ್ತ ಹೋಗಿ ಹಗ್ಗದ ಗಂಟು ನೋಡುವಳು. ಅವನು ಹಿಂದೆ ಕುಳಿತು ಅವಳ ಎರಡು ಪಾದಗಳನ್ನೂ ಹಿಡಿದುಕೊಂಡಿರಬೇಕು.

"ರೀ, ಗಟ್ಟಿಯಾಗಿ ಹಿಡ್ಕೊಳ್ಳಿ."

"ಹಿಡ್ಕೊಂಡಿದೀನಿ ಕಣೇ. ಹಿಟ್ಟು ನಾದಿದ ಕೈ ಇದು."

"ಕೈಗೆ ಎಣ್ಣೆ ಹಚ್ಕೊಂಡು ಬಂದಿಲ್ಲ ತಾನೇ?"

"ಇವತ್ತು ಇಲ್ಲ. ಮನೇಲಿ ಹೀಗೇ ಬೈತಾ ಇದ್ರೆ ಮುಂದಿನ ತಿಂಗಳು ನೋಡೋಣ."

ಹೀಗೆ ತಂದೆಯ ಹಗ್ಗದಿಂದಲೇ ಹತ್ತು ವರ್ಷ ಅಳೆದಳು. ಇಪ್ಪತ್ತೆರಡು ಹದಿನೇಳಾಯಿತು. ಆಮೇಲೆ ಆ ದೊಡ್ಡ ಬಿರುಗಾಳಿಯ ವರ್ಷ ಬಂತು. ಮೂರು ದಿನ ಊರಿನಲ್ಲಿ ಯಾರೂ ಕಿಟಕಿ ತೆಗೆಯಲಿಲ್ಲ. ನಾಲ್ಕನೆಯ ದಿನ ಗುಡ್ಡ ಹತ್ತಿ ನೋಡಿದರೆ, ಅಂಚಿನ ಹತ್ತಿರವಿದ್ದ ಸಾಮಾನಿನ ಕೊಠಡಿ ಇಲ್ಲ, ಅದರ ಪಕ್ಕದ ಬಾಗಿದ ಮರ ಇಲ್ಲ, ಕಾಲುದಾರಿಯೂ ಇಲ್ಲ. ಕೊಠಡಿಯ ಗೋಡೆಗೆ ತೂಗುಹಾಕಿದ್ದ ತಂದೆಯ ಹಗ್ಗವೂ ಕಡಲುಪಾಲಾಗಿತ್ತು. ಪುಸ್ತಕ ಮನೆಯಲ್ಲಿದ್ದದ್ದರಿಂದ ಉಳಿಯಿತು. ಹಗ್ಗದಕ್ಕ ಅಳುತ್ತ ಕೂರಲಿಲ್ಲ. ಅದೇ ವಾರ ಹೊಸ ಹಗ್ಗ ಹೊಸೆದಳು. ಕೈ ಚಾಚಿ ಚಾಚಿ ಹತ್ತು ಗಂಟು ಹಾಕಿ, ತಿಂಗಳ ಮೊದಲನೆಯ ದಿನ ಅಳೆದು, "ಹೊಸ ಹಗ್ಗ. ಹದಿನಾರು ಮಾರು" ಎಂದು ಬರೆದಳು.

ಊರಿನವರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಅಷ್ಟು ದೊಡ್ಡ ಗಾಳಿಗೆ ಹೋದದ್ದು ಒಂದೇ ಮಾರು. ಕೊಠಡಿ, ಮರ, ದಾರಿ ಎಲ್ಲ ಹೋದದ್ದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೆವು. ಆದರೂ ಪುಸ್ತಕ ಒಂದು ಮಾರು ಎಂದದ್ದರಿಂದ ಒಂದು ಮಾರು ಎಂದೇ ನಂಬಿದೆವು. ನಾನಂತೂ ಆ ಪುಸ್ತಕವನ್ನು ಪ್ರತಿ ವರ್ಷವೂ ಶಾಲೆಗೆ ತರಿಸಿ, ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಮಕ್ಕಳಿಂದ ಲೆಕ್ಕ ಮಾಡಿಸುತ್ತಿದ್ದೆ. ಉತ್ತರ ಸರಿ ಬಂದವರ ಬೆನ್ನು ತಟ್ಟುತ್ತಿದ್ದೆ.

ನಾನು ನಿವೃತ್ತನಾದ ವರ್ಷ ಕರಾವಳಿಯ ಇಲಾಖೆಯಿಂದ ಒಬ್ಬ ಇಂಜಿನಿಯರಮ್ಮ ಬಂದರು. ಕಡಲಂಚಿನ ಹಳೆಯ ಕಟ್ಟಡಗಳಲ್ಲಿ ಯಾವುದನ್ನು ಮೊದಲು ಸ್ಥಳಾಂತರಿಸಬೇಕು, ಯಾವುದು ಕಾಯಬಹುದು ಎಂದು ಪಟ್ಟಿ ಮಾಡುವುದು ಅವರ ಕೆಲಸ. ಮೊದಲ ಪಟ್ಟಿಗೆ ಸೇರಬೇಕಾದರೆ ನಿಯಮ ಸರಳವಾಗಿತ್ತು: ಆ ಜಾಗದಲ್ಲಿ ಒಂದೇ ಏಟಿಗೆ ಇಪ್ಪತ್ತು ಅಡಿಗಿಂತ ಹೆಚ್ಚು ನೆಲ ಕುಸಿದದ್ದಕ್ಕೆ ದಾಖಲೆ ಬೇಕು. ಹಗ್ಗದಕ್ಕನ ಪುಸ್ತಕ ನೋಡಿ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮೂವತ್ತೆಂಟು ವರ್ಷದ ಅಳತೆ, ಒಂದು ತಿಂಗಳೂ ಬಿಡದೆ. ಇಂಥದ್ದನ್ನು ಎಲ್ಲೂ ಕಂಡಿಲ್ಲ ಎಂದರು. ತಮ್ಮ ಉಕ್ಕಿನ ಟೇಪು ಹಿಡಿದು ಅಳೆದರು. ಕೊಂಡಿಯಿಂದ ಅಂಚಿಗೆ ಅರವತ್ತು ಅಡಿ. ಪುಸ್ತಕದಲ್ಲಿ ಆ ತಿಂಗಳು ಹನ್ನೆರಡು ಮಾರು. ಹಾಗಾದರೆ ಮಾರಿಗೆ ಐದಡಿ ಎಂದು ಗುರುತು ಹಾಕಿಕೊಂಡರು.

ಎರಡು ವಾರಕ್ಕೆ ಕಾಗದ ಬಂತು. ಈ ಗುಡ್ಡ ವರ್ಷಕ್ಕೆ ಎರಡೂವರೆ ಅಡಿಗಿಂತ ತುಸು ಹೆಚ್ಚಿನಂತೆ ನಿಧಾನವಾಗಿ ಸವೆಯುತ್ತಿದೆ. ಒಮ್ಮೆಲೇ ಕುಸಿಯುವ ಸ್ವಭಾವ ಕಾಣುವುದಿಲ್ಲ. ಬಿರುಗಾಳಿಯ ವರ್ಷದಲ್ಲಿಯೂ ಹೋದದ್ದು ಐದೇ ಅಡಿ. ಚರ್ಚಿಗೆ ಇನ್ನೂ ಇಪ್ಪತ್ತಮೂರು ವರ್ಷ ಭಯವಿಲ್ಲ. ಆದ್ದರಿಂದ ಎರಡನೆಯ ಪಟ್ಟಿ. ಪಾದ್ರಿಗಳು ಅದನ್ನು ಚರ್ಚಿನಲ್ಲಿ ಓದಿ ಹೇಳಿದರು. ಜನ ಒಬ್ಬರ ಕೈ ಒಬ್ಬರು ಕುಲುಕಿದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಮೇಷ್ಟ್ರೇ, ನೀವು ಬೋರ್ಡ್ ಮೇಲೆ ಮಾಡ್ಸಿದ ಲೆಕ್ಕಾನೇ ಇದು" ಎಂದು ಹೊಗಳಿದ. ನಾನೂ ಉಬ್ಬಿದೆ.

ಉಬ್ಬದವಳು ಹಗ್ಗದಕ್ಕ ಒಬ್ಬಳೇ. ಅಂಚಿನಿಂದ ಈಚೆಗೆ ಹುಲ್ಲಿನ ನಡುವೆ ಅಂಗೈ ಇಳಿಯುವಷ್ಟು ಅಗಲದ ಬಿರುಕನ್ನು ಅವಳು ನೋಡಿದ್ದಳು. "ಇಪ್ಪತ್ತಮೂರು ವರ್ಷ ಆದ್ಮೇಲೆ ನನಗೆ ಅರವತ್ತೊಂಬತ್ತು" ಎಂದು ಪಾದ್ರಿಗಳಿಗೆ ಹೇಳಿದಳು. "ಆಗ ನಾನು ಕಲ್ಲು ಹೊರ್ತೀನಾ ಫಾದರ್, ಇಲ್ಲ ಕೋಲು ಊರ್ತೀನಾ? ಅವರು ಬಂದಾಗ ಬರಲಿ. ಬುನಾದಿ ನಾವೇ ಶುರು ಮಾಡೋಣ."

ಗುಡ್ಡದ ಹಿಂಬದಿಗೆ, ಕಡಲಿನಿಂದ ಐನೂರು ಅಡಿಗೂ ಹಿಂದೆ, ಚರ್ಚಿನದೇ ಒಂದು ಖಾಲಿ ಜಾಗವಿತ್ತು. ಮರುವಾರವೇ ಅವಳು ಅಲ್ಲಿ ಗೂಟ ಹೊಡೆದು ದಾರ ಎಳೆದಳು. ಉದ್ದಕ್ಕೆ ತಂದೆಯ ಪುಸ್ತಕ ನೋಡಿದಳು: ಹತ್ತು ಮಾರು. ತನ್ನ ಹಗ್ಗ ಪೂರ್ತಿ ಚಾಚಿದಳು. ಕಲ್ಲುಕೆಲಸದ ಮೇಸ್ತ್ರಿಯನ್ನು ಕರೆದು ತೋರಿಸಿದಳು. ಆತ ಮೂವತ್ತು ವರ್ಷದಿಂದ ಚರ್ಚಿನ ಮಾಡು, ಎಂದರೆ ಚಾವಣಿ, ರಿಪೇರಿ ಮಾಡಿದವನು. ದಾರದ ಸುತ್ತ ಒಂದು ಸುತ್ತು ಹಾಕಿ, ತಲೆಯ ಮೇಲಿನ ಟೋಪಿ ತೆಗೆದು, ಮತ್ತೆ ಹಾಕಿಕೊಂಡ.

"ಅಕ್ಕ, ಇದು ಚರ್ಚೋ, ಕೋಳಿಗೂಡೋ?"

"ಯಾಕಣ್ಣ, ಅಳೆದೇ ಹಾಕಿದೀನಲ್ಲ."

"ಆ ಮಾಡಿಗೆ ಹದಿಮೂರು ತೊಲೆ ಇದೆ. ಇಲ್ಲಿ ಹನ್ನೊಂದು ಕೂತ್ರೆ ಹೆಚ್ಚು. ಮಿಕ್ಕ ಎರಡನ್ನ ನಿಮ್ಮ ಯಜಮಾನ್ರ ಒಲೆಗೆ ಹಾಕ್ತೀರಾ?"

"ಅಪ್ಪ ಬರೆದಿರೋದು ಹತ್ತು ಮಾರು. ನಮ್ಮಪ್ಪ ಅಳತೇಲಿ ಸುಳ್ಳು ಬರೆಯೋವ್ರಲ್ಲ."

"ಹಾಗಾದ್ರೆ ಬನ್ನಿ, ಚರ್ಚನ್ನೇ ಕೇಳೋಣ."

ಇಬ್ಬರೂ ಚರ್ಚಿನೊಳಗೆ ಹೋಗಿ ಹೆಬ್ಬಾಗಿಲಿನಿಂದ ಹಿಂಗೋಡೆಯವರೆಗೆ ಹಗ್ಗ ಹಿಡಿದರು. ಹತ್ತು ಗಂಟು ಮುಗಿಯಿತು. ಗೋಡೆ ಇನ್ನೂ ದೂರ. ಮತ್ತೆ ಎರಡು ಮಾರು ಹಿಡಿದ ಮೇಲೆ ಗೋಡೆ ಮುಟ್ಟಿತು. ಹನ್ನೆರಡು.

ಮೇಸ್ತ್ರಿ ಗೋಡೆಯನ್ನೊಮ್ಮೆ ತಟ್ಟಿ ನೋಡಿದ. "ನಿಮ್ಮಪ್ಪನ ಕಾಲದಿಂದ ಎರಡು ಮಾರು ಬೆಳೆದಿದೆ ನೋಡಿ. ಗೊಬ್ಬರ ಏನು ಹಾಕಿದ್ರಿ ಅಕ್ಕ?"

ಅವಳು ನಗಲಿಲ್ಲ. ಹಗ್ಗದ ಒಂದು ಗಂಟಿನಿಂದ ಇನ್ನೊಂದಕ್ಕೆ ತನ್ನ ಎರಡು ಕೈಗಳನ್ನೂ ಚಾಚಿದಳು. ಬೆರಳ ತುದಿಗೆ ಗಂಟು ಸರಿಯಾಗಿ ಬಂತು. ಆಮೇಲೆ ಕೈ ಇಳಿಸಿ, ಹತ್ತಿರದ ಬೆಂಚಿನ ಮೇಲೆ ಕುಳಿತುಬಿಟ್ಟಳು. ಮೇಸ್ತ್ರಿ ಹೆದರಿ ನೀರು ತರಲು ಓಡಿದ. ಅವನು ಬರುವಷ್ಟರಲ್ಲಿ ಅವಳು ಅಲ್ಲಿರಲಿಲ್ಲ. ನನ್ನ ಮನೆಯ ಬಾಗಿಲಲ್ಲಿದ್ದಳು. ಹೆಗಲ ಮೇಲೆ ಹಗ್ಗ, ಕಂಕುಳಲ್ಲಿ ಪುಸ್ತಕ.

"ಮೇಷ್ಟ್ರೇ, ನಿಮ್ಮ ಗೇಣಿನ ಪಾಠ ಜ್ಞಾಪಕ ಇದೆಯಾ?" ಎಂದಳು.

ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಓಣಿಯಲ್ಲಿ ದಿನವೂ ತನ್ನ ಗಿಡ್ಡ ಮಾರಿನಿಂದ ದೋಣಿಯವರನ್ನು ಗೋಳುಹೊಯ್ದುಕೊಳ್ಳುತ್ತಿದ್ದವಳು, ಅದೇ ಗಿಡ್ಡ ಮಾರಿನಿಂದ ಗುಡ್ಡವನ್ನು ಅಳೆಯುವಾಗ ಒಮ್ಮೆಯೂ ಯೋಚಿಸಿರಲಿಲ್ಲ. ಓಣಿಯ ಮಾರು ವ್ಯಾಪಾರದ ಮಾರು. ಗುಡ್ಡದ ಮಾರು ಅಪ್ಪನ ಮಾರು. ಅವು ಎರಡೂ ತನ್ನ ಕೈಯಲ್ಲೇ ಇವೆ ಎಂಬುದು ಅವಳಿಗೆ ಹೊಳೆದಿರಲಿಲ್ಲ. ನನ್ನ ಕಥೆ ಅದಕ್ಕಿಂತ ಕಡೆ. ಕಪ್ಪುಹಲಗೆಯ ಮೇಲೆ ಎಂಟು ವರ್ಷ ಆ ಅಂಕಿಗಳನ್ನು ಬರೆದವನು ನಾನು.

ಮೇಜಿನ ಮುಂದೆ ಕುಳಿತು ಲೆಕ್ಕ ಹಾಕಿದೆವು. ಚರ್ಚಿನ ಒಳ ಉದ್ದ ತಂದೆಗೆ ಹತ್ತು ಮಾರು, ಮಗಳಿಗೆ ಹನ್ನೆರಡು. ಮಗಳ ಮಾರು ಐದಡಿ ಎಂದು ಇಂಜಿನಿಯರಮ್ಮನ ಟೇಪೇ ಹೇಳಿದೆ. ಹಾಗಾದರೆ ತಂದೆಯ ಮಾರು ಆರಡಿ. ಬಿರುಗಾಳಿಗೆ ಮೊದಲಿನ ಹದಿನೇಳು ಮಾರು ತಂದೆಯ ಹಗ್ಗದ್ದು: ನೂರ ಎರಡು ಅಡಿ. ಬಿರುಗಾಳಿಯ ನಂತರದ ಹದಿನಾರು ಮಾರು ಮಗಳ ಹಗ್ಗದ್ದು: ಎಂಬತ್ತು ಅಡಿ. ಮೂರು ದಿನದಲ್ಲಿ ಹೋದದ್ದು ಐದಡಿಯಲ್ಲ, ಇಪ್ಪತ್ತೆರಡು ಅಡಿ. ಅಂಥ ಗಾಳಿ ಇನ್ನು ಮೂರು ಬಂದರೆ ಚರ್ಚು ಇಲ್ಲ. ಆ ಮೂರು ಗಾಳಿ ಇಪ್ಪತ್ತಮೂರು ವರ್ಷ ಕಾಯುತ್ತವೆ ಎಂದು ಯಾರು ಹೇಳಬಲ್ಲರು?

"ನಾಳೆ ಬೆಳಗ್ಗೆ ಇಲಾಖೆಗೆ ಹೋಗ್ತೀನಿ" ಎಂದಳು.

ಅದು ಅಷ್ಟು ಸುಲಭವಿರಲಿಲ್ಲ. ಸಂಜೆ ಬೇಕರಿಯ ಹಿಂಬದಿಯ ಕೋಣೆಯಲ್ಲಿ ಪಾದ್ರಿಗಳು, ಮೇಸ್ತ್ರಿ, ನಾನು ಹಿಟ್ಟಿನ ಚೀಲಗಳ ಮೇಲೆ ಕುಳಿತಿದ್ದೆವು. ಪಾದ್ರಿಗಳು ವಯಸ್ಸಾದವರು, ಒಳ್ಳೆಯವರು, ಗಲಾಟೆಗೆ ಅಂಜುವವರು.

"ಸ್ವಲ್ಪ ಯೋಚನೆ ಮಾಡಮ್ಮ" ಎಂದರು. "ನಮ್ಮ ಹತ್ತಿರ ಇರೋ ದಾಖಲೆ ಇದೊಂದೇ. ಇದರಲ್ಲಿ ತಪ್ಪಿದೆ ಅಂತ ನೀನೇ ಹೋಗಿ ಹೇಳಿದ್ರೆ, ಅವರು ಇಡೀ ಪುಸ್ತಕಾನೇ ಆಚೆ ಎಸೀಬಹುದು. ಆಗ ಎರಡನೇ ಪಟ್ಟೀಲೂ ಇರಲ್ಲ, ಯಾವ ಪಟ್ಟೀಲೂ ಇರಲ್ಲ."

"ಹೇಳದೇ ಇದ್ರೆ, ಫಾದರ್?"

"ಇಪ್ಪತ್ತಮೂರು ವರ್ಷ ಅಂತ ಅವರ ಕಾಗದದಲ್ಲಿದೆ."

"ಕಾಗದದಲ್ಲಿದೆ. ಗುಡ್ಡ ಅದನ್ನ ಓದಿದೆಯಾ?"

ಬೇಕರಿಯವ ಟ್ರೇ ಒರೆಸುತ್ತ, "ಊರಲ್ಲಿ ನಗ್ತಾರೆ ಕಣೇ" ಎಂದ. ಕುಹಕದಿಂದಲ್ಲ, ಅವಳ ಮೇಲಿನ ಕಾಳಜಿಯಿಂದ. "ಮೂವತ್ತೆಂಟು ವರ್ಷದ ಪುಸ್ತಕ ಅಂತ ಎಷ್ಟು ಹೆಮ್ಮೆ ಎಲ್ಲರಿಗೂ. ನಿಮ್ಮಪ್ಪನ ಹೆಸರೂ ಬರುತ್ತೆ ಇದರಲ್ಲಿ."

"ಅಪ್ಪ ಬರೆದದ್ದು ಸರಿಯಾಗೇ ಇದೆ. ತಪ್ಪು ನನ್ನ ಕೈಯಿಂದ ಆದದ್ದು. ನಗೋರು ನನ್ನ ನೋಡಿ ನಗಲಿ, ನಾನೇನೂ ಸವೆದು ಹೋಗಲ್ಲ." ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತತೊಡಗಿದಳು. "ಚರ್ಚನ್ನ ಹಿಂದಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಒಪ್ಕೊಂಡಿದೀನಿ. ತಪ್ಪು ಲೆಕ್ಕ ಇಟ್ಕೊಂಡು ಕರ್ಕೊಂಡು ಹೋಗೋಕೆ ಆಗಲ್ಲ. ಮೇಷ್ಟ್ರೇ, ನೀವು ಬರ್ತೀರಾ? ಅಂಕಿ ಹೇಳೋವಾಗ ನನಗೆ ಸಿಟ್ಟು ಬರುತ್ತೆ."

"ಬರ್ತೀನಮ್ಮ" ಎಂದೆ. ನನ್ನ ಪಾಲಿನ ತಪ್ಪೂ ಇತ್ತಲ್ಲ.

ಇಲಾಖೆಯ ಕಚೇರಿ ಎರಡು ಗಂಟೆಯ ಬಸ್ಸಿನ ದಾರಿ. ಕಿಟಕಿಗಳಿಗೆಲ್ಲ ಕಡತಗಳನ್ನು ಒತ್ತಿಟ್ಟ, ಫ್ಯಾನು ಕಿರುಗುಟ್ಟುವ ಕೋಣೆ. ಇಂಜಿನಿಯರಮ್ಮ ನಮ್ಮನ್ನು ಕಂಡು ನಕ್ಕು, "ಕೃತಜ್ಞತೆ ಹೇಳೋಕೆ ಬಂದ್ರಾ ಅಕ್ಕ? ಅದೆಲ್ಲ ಬೇಡ" ಎಂದರು.

"ಇಲ್ಲ ಮೇಡಂ, ತಪ್ಪು ಹೇಳೋಕೆ ಬಂದೆ" ಎಂದು ಹಗ್ಗದಕ್ಕ ಪೀಠಿಕೆಯಿಲ್ಲದೆ ಆರಂಭಿಸಿದಳು. ಹಗ್ಗವನ್ನು ಮೇಜಿನ ಮೇಲಿಟ್ಟಳು. ಎರಡು ಕೈಗಳನ್ನೂ ಚಾಚಿ ತೋರಿಸಿದಳು; ಒಂದು ಕೈ ಕಡತದ ರಾಶಿಗೆ ತಾಗಿ ನಾಲ್ಕು ಕಡತ ಕೆಳಗೆ ಬಿದ್ದವು. "ಇದು ನನ್ನ ಮಾರು. ಈಗ ಮೇಷ್ಟ್ರನ್ನ ನೋಡಿ. ನೀವೂ ಚಾಚಿ ಮೇಷ್ಟ್ರೇ." ಅರವತ್ತರ ವಯಸ್ಸಿನಲ್ಲಿ ಸರ್ಕಾರಿ ಕಚೇರಿಯಲ್ಲಿ ಹದ್ದಿನ ಹಾಗೆ ರೆಕ್ಕೆ ಬಿಚ್ಚಿ ನಿಂತೆ. "ಇವರದ್ದು ನನಗಿಂತ ಅರ್ಧ ಅಡಿ ಉದ್ದ. ನಮ್ಮಪ್ಪ ಇವರಿಗಿಂತಲೂ ಅರ್ಧ ಅಡಿ ಉದ್ದ. ನೀವು ಎಲ್ಲರಿಗೂ ಒಂದೇ ಐದಡಿ ಹಾಕಿದ್ರಿ. ಹಾಗೆ ಹಾಕೋಹಾಗೆ ಮಾಡಿದವಳು ನಾನು."

ಇಂಜಿನಿಯರಮ್ಮ ನಗಲಿಲ್ಲ. ಕಡತಗಳನ್ನು ಹೆಕ್ಕಲೂ ಇಲ್ಲ. ಪೆನ್ಸಿಲು ತೆಗೆದುಕೊಂಡು ಮೊದಲಿನಿಂದ ಕೇಳಿದರು. ಹಗ್ಗ ಯಾವಾಗ ಬದಲಾಯಿತು? "ಹೊಸ ಹಗ್ಗ" ಎಂದು ಬರೆದ ಪುಟವನ್ನು ಅವಳು ತೋರಿಸಿದಳು. ತಂದೆಯ ಮಾರು ಆರಡಿ ಎಂದು ಹೇಗೆ ನಂಬುವುದು? ಪುಸ್ತಕದ ಮೊದಲ ಪುಟ ತೋರಿಸಿದಳು.

"ನಮ್ಮಪ್ಪ ಅಳೆದ ಚರ್ಚು ಇನ್ನೂ ಅಲ್ಲೇ ನಿಂತಿದೆ ಮೇಡಂ. ಕಲ್ಲಿನದು, ಬೆಳೆಯೋದೂ ಇಲ್ಲ, ಬಾಡೋದೂ ಇಲ್ಲ. ನಿಮ್ಮ ಟೇಪು ತಗೊಂಡು ಬನ್ನಿ. ಒಳಗೆ ಅರವತ್ತಡಿ ಬಂದ್ರೆ ಹತ್ತರಿಂದ ಭಾಗಿಸಿ. ಬರದಿದ್ರೆ ಈ ಪುಸ್ತಕಾನ ನೀವೇ ಕಡಲಿಗೆ ಎಸೀರಿ, ನಾನು ಕೇಳಲ್ಲ."

ಇಂಜಿನಿಯರಮ್ಮ ಪೆನ್ಸಿಲು ಕೆಳಗಿಟ್ಟರು. "ಅಕ್ಕ, ದಾಖಲೆ ಸರಿ ಇದೆ ಅಂತ ವಾದ ಮಾಡೋರು ನನ್ನ ಹತ್ತಿರ ದಿನಾ ಬರ್ತಾರೆ" ಎಂದರು. "ನಂದು ತಪ್ಪು ಅಂತ ಬಂದವರು ನೀವೇ ಮೊದಲು. ಗುರುವಾರ ಬರ್ತೀನಿ."

ಗುರುವಾರ ಬಂದರು. ಚರ್ಚಿನೊಳಗೆ ಟೇಪು ಎಳೆದರು. ಅರ್ಧ ಊರು ಬೆಂಚುಗಳ ಮೇಲೆ ಕುಳಿತಿತ್ತು. ಹಗ್ಗದಕ್ಕ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದಿದ್ದಳು. ಅರವತ್ತು ಅಡಿ, ಮೇಲೆ ಒಂದಂಗುಲ. ಮೇಸ್ತ್ರಿ ಹಿಂದಿನಿಂದ, "ಆ ಒಂದಂಗುಲ ಸುಣ್ಣ ಉದುರಿದ್ದು" ಎಂದು ಸಮಜಾಯಿಷಿ ಕೊಟ್ಟ. ಇಂಜಿನಿಯರಮ್ಮ ಅಂಚಿನ ಬಿರುಕನ್ನೂ ನೋಡಿದರು. ಅದೇ ತಿಂಗಳು ಎರಡನೆಯ ಕಾಗದ ಬಂತು. ಒಂದೇ ಏಟಿಗೆ ಇಪ್ಪತ್ತೆರಡು ಅಡಿ, ಮೊದಲ ಪಟ್ಟಿ.

ಊರಿನಲ್ಲಿ ನಕ್ಕರೇ? ನಕ್ಕರು. ಓಣಿಯಲ್ಲಿ ಒಂದು ವರ್ಷ ಅವಳನ್ನು ಕಂಡಾಗಲೆಲ್ಲ ಕೈ ಚಾಚಿ ತೋರಿಸುತ್ತಿದ್ದರು. ಅವಳೂ ಕೈ ಚಾಚಿ ತೋರಿಸಿ, "ಇದೇ ಕೈಯಲ್ಲಿ ಕಲ್ಲು ಎತ್ತೋಕೆ ಹೋಗ್ತಿದೀನಿ, ಬರ್ತೀಯಾ, ಇಲ್ಲ ಹಲ್ಲು ಕಿರಿಯೋಕೆ ಇಲ್ಲೇ ಇರ್ತೀಯಾ?" ಎಂದು ಕೇಳುತ್ತಿದ್ದಳು. ಹಾಗೆ ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಬಂದರು.

ಇಲಾಖೆ ಯಂತ್ರ ಕಳಿಸಿತು, ಕುಶಲಕರ್ಮಿಗಳನ್ನು ಕಳಿಸಿತು. ಆದರೂ ಎರಡು ಬೇಸಿಗೆ ಬೇಕಾಯಿತು. ಒಂದೊಂದು ಕಲ್ಲಿಗೂ ಅಂಕಿ ಬರೆದು, ಇಳಿಸಿ, ಹಿಂದಕ್ಕೆ ಸಾಗಿಸಿ, ಅಂಕಿಯಂತೆ ಮತ್ತೆ ಕೂರಿಸಿದರು. ಅಂಕಿ ಬರೆಯುವ ಕೆಲಸ ನನಗೆ ಬಂತು. ನನ್ನ ಅಕ್ಷರ ದೂರಕ್ಕೂ ಕಾಣುತ್ತದೆ ಎಂದು ಮೇಸ್ತ್ರಿ ಹೇಳಿದ. ಬೇಕರಿಯವ ಕೆಲಸದವರಿಗೆಲ್ಲ ಬೆಳಗಿನ ಬ್ರೆಡ್ಡು ಹೊತ್ತುಕೊಂಡು ಬರುತ್ತಿದ್ದ. ನಡುವಿನ ಮಳೆಗಾಲದಲ್ಲಿ, ಅರ್ಧ ಚರ್ಚು ಅಲ್ಲಿ ಅರ್ಧ ಚರ್ಚು ಇಲ್ಲಿ ಇರುವಾಗ, ಅಂಚಿನ ಬಿರುಕಿನ ಆಚೆಗಿನ ನೆಲವೆಲ್ಲ ಒಂದು ಮಧ್ಯಾಹ್ನ ಹದಿನೆಂಟು ಅಡಿಯಷ್ಟು ಜಾರಿ ಕೆಳಗಿಳಿಯಿತು. ಅಂದು ಪಾದ್ರಿಗಳು ಅವಳ ಹತ್ತಿರ ಬಂದು, ಒದ್ದೆಯಾದ ಅವಳ ಕೊಡೆಯನ್ನು ತಾವೇ ಮಡಚಿ ಕೊಟ್ಟರು. ಗಂಟೆಯನ್ನು ಆ ಎರಡು ವರ್ಷ ಮರದ ಚೌಕಟ್ಟಿಗೆ ತೂಗುಹಾಕಿದ್ದರು. ಒಂದು ದಿನವೂ ಅದು ಮೊಳಗದೆ ಉಳಿಯಲಿಲ್ಲ.

ಈಗ ಚರ್ಚು ಹೊಸ ಜಾಗದಲ್ಲಿದೆ. ಹದಿಮೂರು ತೊಲೆಗಳೂ ಕುಳಿತಿವೆ. ಕೆಲವು ಕಲ್ಲುಗಳ ಮೇಲೆ ನನ್ನ ಅಂಕಿಗಳು ಇನ್ನೂ ಕಾಣುತ್ತವೆ. ಅಳಿಸಬೇಡಿ ಎಂದು ಅವಳೇ ಹೇಳಿದ್ದಾಳೆ. ಹಳೆಯ ಚರ್ಚಿನ ಹಿಂಗೋಡೆ ನಿಂತಿದ್ದ ನೆಲ ಕಳೆದ ವರ್ಷದ ಗಾಳಿಗೆ ಹೋಯಿತು. ಅವಳು ಪುಸ್ತಕದಲ್ಲಿ ಅದನ್ನೂ ಬರೆದಳು, ಅಷ್ಟೆ.

ಹೊಸ ಹಿಂಗೋಡೆ ಎದ್ದ ದಿನ ಅವಳು ಮೇಸ್ತ್ರಿಯ ಕೈಯಿಂದ ಒಂದು ಕೆಲಸ ಮಾಡಿಸಿದಳು. ಗೋಡೆಯ ಹೊರಮೈಯಲ್ಲಿ, ಎದೆಯೆತ್ತರಕ್ಕೆ, ಎರಡು ಹಿತ್ತಾಳೆಯ ಮೊಳೆಗಳು. ಒಂದರಿಂದ ಇನ್ನೊಂದಕ್ಕೆ ಸರಿಯಾಗಿ ಆರಡಿ. "ಇದು ಅಪ್ಪನ ಮಾರು" ಎಂದಳು. "ನನ್ನ ಹಿಂದೆ ಯಾರಾದರೂ ಬರಲಿ, ಉದ್ದ ಇರಲಿ ಗಿಡ್ಡ ಇರಲಿ, ಗಂಟು ಇಲ್ಲಿ ಹಿಡಿದು ಹಾಕಲಿ." ಹೊಸ ಹಗ್ಗದ ಗಂಟುಗಳನ್ನು ಅಲ್ಲಿಯೇ ಹಿಡಿದು ಹಾಕಿದಳು.

ಅದರಿಂದ ಅವಳು ಎಣಿಸದ ತೊಂದರೆಯೊಂದು ಆಯಿತು. ಹಗ್ಗ ಕೊಂಡ ದೋಣಿಯವರು, "ಚರ್ಚಿನ ಮಾರಿಗೆ ಕೊಡಿ" ಎಂದು ಹಟ ಹಿಡಿದು, ಸುರುಳಿ ಹೊತ್ತುಕೊಂಡು ಗುಡ್ಡ ಹತ್ತಿ ಬಂದು ಮೊಳೆಗಳಿಗೆ ಹಿಡಿದು ನೋಡತೊಡಗಿದರು. ಓಣಿಯ ಅಂಗಡಿಯವರು ಗುಂಪುಗೂಡಿ, ತಮ್ಮ ಹಳೆಯ 'ಅಂಗಡಿ ಮಾರು' ಆದ ಹಗ್ಗದಕ್ಕನ ಮೇಲೆ ಸಿಟ್ಟಾದರು. ತಾನೂ ಹಗ್ಗ ಮಾರುವವಳೇ ಆದ್ದರಿಂದ ಅವಳಿಗೆ ಆ ಸಿಟ್ಟು ಅರ್ಥವಾಗುತ್ತದೆ. ಮೊಳೆ ಮಾತ್ರ ಕೀಳುವುದಿಲ್ಲ.

ಮೊನ್ನೆ ತಿಂಗಳ ಮೊದಲನೆಯ ದಿನ ನಾನೂ ಕೋಲೂರಿಕೊಂಡು ಹೋಗಿದ್ದೆ. ಈಗ ಅಂಚು ಬಹಳ ದೂರ. ಹಗ್ಗವನ್ನು ಎಷ್ಟೋ ಸಲ ಮುಂದುಮುಂದಕ್ಕೆ ಹಿಡಿಯಬೇಕು. ಆದರೂ ಅವಳು ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗುತ್ತಾಳೆ, ಬೇಕರಿಯವ ಪಾದ ಹಿಡಿಯುತ್ತಾನೆ. ಅಳತೆ ಮುಗಿಸಿ ಬಂದು ಗೋಡೆಯ ಹತ್ತಿರ ನಿಂತು, ಎರಡು ಮೊಳೆಗಳ ನಡುವೆ ಕೈ ಚಾಚಿದಳು. ಎಡಗೈ ಒಂದು ಮೊಳೆಯನ್ನು ಮುಟ್ಟಿತು. ಬಲಗೈಗೂ ಇನ್ನೊಂದು ಮೊಳೆಗೂ ನಡುವೆ ಒಂದಡಿ ಉಳಿಯಿತು.

"ಇನ್ನೂ ಸಿಗಲಿಲ್ವಾ?" ಎಂದ ಬೇಕರಿಯವ.

"ಸಿಗಲ್ಲ ರೀ" ಎಂದಳು. ಕೈ ಇಳಿಸಿ, ಬೀಗದ ಕೈ ಗೊಂಚಲು ಸರಿಮಾಡಿಕೊಂಡು, ಪುಸ್ತಕ ಬಿಚ್ಚಿದಳು. "ಬರ್ಕೊಳ್ಳಿ ಮೇಷ್ಟ್ರೇ, ನಿಮ್ಮ ಅಕ್ಷರ ಚೆನ್ನಾಗಿದೆ. ಎಂಬತ್ತೊಂದು ಮಾರು. ಅಪ್ಪನದು."